ಪೆಂಗಾವರ ಕೆರೆಗೆ ಆ ಹೆಸರು ಬಂದದ್ದು

ಕಪ್ಪತಗುಡ್ಡದ ಸಾಲು ತಗ್ಗುತ್ತ ತಗ್ಗುತ್ತ ಬಂದು ಎರೆಭೂಮಿಗೆ ಕಾಲಿಡುವ ಕಡೆ ಮುರಡಿಹಾಳ ಎಂಬ ಊರಿದೆ. ಊರಿನಿಂದ ಗುಡ್ಡದ ದಿಕ್ಕಿಗೆ ನಡೆದರೆ ಮೊದಲು ಕಾಣುವುದು ಒಂದು ಕೆರೆ, ಅದರ ಮಗ್ಗುಲಿಗೇ ಒಂದು ಮಣ್ಣಿನ ದಿನ್ನೆ. ಕೆರೆ ದೊಡ್ಡದಲ್ಲ. ಆದರೆ ಗುಡ್ಡದ ಬುಡದಲ್ಲಿರುವ ಕಲ್ಲಿನ ಬಾಯಿಯೊಂದರಿಂದ ಬೇಸಿಗೆಯಲ್ಲೂ ಸಣ್ಣಗೆ ಹರಿದು ಬರುವ ನೀರು ಅದನ್ನು ಬತ್ತಲು ಬಿಡುವುದಿಲ್ಲ. ದಿನ್ನೆಯ ಮೇಲೆ ಗುಡಿಯಿಲ್ಲ, ಗೋರಿಯಿಲ್ಲ, ಬರೆದ ಕಲ್ಲೂ ಇಲ್ಲ. ಬರೀ ಮಣ್ಣು, ಹುಲ್ಲು, ಅಲ್ಲಲ್ಲಿ ತಂಗಡಿ ಗಿಡ. ಕೆರೆಗೆ ಪೆಂಗಾವರ ಕೆರೆ ಎಂದೂ ದಿನ್ನೆಗೆ ಪೆಂಗಾವರ ದಿನ್ನೆ ಎಂದೂ ಹೆಸರು. ಆ ಸೀಮೆಯಲ್ಲಿ ಅಡ್ಡಹೆಸರುಗಳಿಗೆ ಬರಗಾಲವೇ ಇಲ್ಲ. ಉಳ್ಳಾಗಡ್ಡಿಯವರಿದ್ದಾರೆ, ಮೆಣಸಿನಕಾಯಿಯವರಿದ್ದಾರೆ, ಬಾಯಿ ಸಿಹಿ ಮಾಡಲು ಬೆಲ್ಲದವರೂ ಇದ್ದಾರೆ. ಹೀಗಾಗಿ ಪೆಂಗಾವರ ಎಂದು ಕೇಳಿದ ಹೊಸಬರು ಯಾವುದೋ ಹಾಳೂರಿನ ಹೆಸರಿದ್ದೀತು ಎಂದುಕೊಂಡು ಮುಂದೆ ಸಾಗುತ್ತಾರೆ. ಆದರೆ ಆ ಅಡ್ಡಹೆಸರಿನ ಮನೆಗಳು ಮುರಡಿಹಾಳದಲ್ಲಿ, ನೆರೆಯ ಕೊಂಚಿಹಾಳದಲ್ಲಿ, ಹೊಲ ಹಿಡಿದು ಹೋಗಿ ನೆಲೆಸಿದ ಸಂಕದಾಳದಲ್ಲಿ ಬಿಟ್ಟರೆ ನಾಡಿನ ಬೇರೆ ಯಾವ ಊರಲ್ಲೂ ಸಿಗುವುದಿಲ್ಲ. ಸಿಗುವುದಾದರೆ ಕಡಲಾಚೆ, ಇಂಗ್ಲಿಷರ ನಾಡಿನ ಪಡುವಣ ತುದಿಯಲ್ಲಿ ಒಂದೆರಡು ಮನೆ. ಅಲ್ಲಿಯ ಹೆಸರು ಇಲ್ಲಿಗೆ ಹೇಗೆ ಬಂತೆಂದು ಕೇಳಿದರೆ ಪೆಂಗಾವರ ಮನೆತನದ ಹಿರಿಯರು ಮೊದಲು ತಲೆ ತಗ್ಗಿಸುತ್ತಾರೆ, ಆಮೇಲೆ ಹೇಳುತ್ತಾರೆ.

ಹಿಂದೆ ಒಮ್ಮೆ, ಬಿಳಿಯರು ಆ ಗುಡ್ಡಗಳಲ್ಲಿ ಬಂಗಾರ ಹುಡುಕುತ್ತಿದ್ದ ಕಾಲದಲ್ಲಿ, ಮುರಡಿಹಾಳದ ಗುಡ್ಡಕ್ಕೂ ಒಂದು ಕಂಪನಿ ಬಂತಂತೆ. ಅದರ ಕಪ್ತಾನನಾಗಿ, ಅಂದರೆ ಗಣಿ ಕೆಲಸದ ಮುಖ್ಯಸ್ಥನಾಗಿ, ಬಂದವನು ಪೆನ್‌ಗೋವರ್ ಎಂಬ ಸಾಹೇಬ. ಅವನ ಸ್ವಂತ ಹೆಸರೇನೆಂದು ಈಗ ಯಾರಿಗೂ ನೆನಪಿಲ್ಲ. ಅವನ ಊರಿನ ಕಡೆ ತವರದ ಗಣಿಗಳಿದ್ದವು; ಅಪ್ಪ, ಅಜ್ಜ, ಮುತ್ತಜ್ಜ ಎಲ್ಲ ನೆಲದೊಳಗೇ ದುಡಿದವರು. ಆ ಗಣಿಗಳು ಮುಚ್ಚಿದ ಮೇಲೆ ಆ ಮನೆತನದವರು ಒಬ್ಬೊಬ್ಬರು ಒಂದೊಂದು ದೇಶದ ಗುಡ್ಡ ಹಿಡಿದು ಹೋದರು, ಈತನ ಪಾಲಿಗೆ ಮುರಡಿಹಾಳದ ಗುಡ್ಡ ಬಂತು. ನಮ್ಮ ಹೆಸರಿಗೆ ನಮ್ಮ ಮಾತಿನಲ್ಲಿ ಹಳ್ಳದ ತಲೆ ಎಂದು ಅರ್ಥ, ಈ ಹೆಸರಿನವರು ಈಗ ಬೆರಳೆಣಿಕೆಯಷ್ಟು ಮಂದಿ ಉಳಿದಿದ್ದೇವೆ ಎಂದು ಆತ ಕೆಲಸದ ನಡುವೆ ತನ್ನ ಮೇಸ್ತ್ರಿಗೆ ಹೇಳುತ್ತಿದ್ದನಂತೆ. ಮೇಸ್ತ್ರಿಯ ಹೆಸರು ಬಾರಿಗಿಡದ ಅಡಿವೆಪ್ಪ. ಮುರಡಿಹಾಳದವನೇ, ಗಟ್ಟಿ ಆಳು, ಸಾಹೇಬನ ಅರೆಬರೆ ಕನ್ನಡವನ್ನು ತಿದ್ದುತ್ತ ತಿದ್ದುತ್ತ ಅವನ ಬಲಗೈಯಾದವನು. ಅಡಿವೆಪ್ಪನ ತಂದೆ ತೀರಿಕೊಂಡಾಗ ಸಾಹೇಬ ಮತ್ತು ಅವನ ಹೆಂಡತಿ ಇಬ್ಬರೂ ಮಣ್ಣಿಗೆ ಬಂದಿದ್ದರು. ಊರವರು ಮೇಡಮ್ಮ ಎಂದು ಕರೆಯುತ್ತಿದ್ದ ಆಕೆ ಹೆಂಗಸರ ನಡುವೆ ನಿಂತಿದ್ದಳು. ಸಾಹೇಬ ಟೋಪಿ ತೆಗೆದು, ಬಗ್ಗಿ, ಎಲ್ಲರಂತೆ ಬರಿಗೈಯಲ್ಲಿ ಮಣ್ಣು ಕೊಟ್ಟಿದ್ದ.

ಈ ಮಣ್ಣು ಕೊಡುವ ಮಾತು ಸಣ್ಣದಲ್ಲ. ಆ ಕಡೆಯ ಜನ ಮದುವೆಗೆ ಕರೆದರೆ ಹೋಗುತ್ತಾರೆ, ಮಣ್ಣಿಗೆ ಕರೆಯದಿದ್ದರೂ ಹೋಗುತ್ತಾರೆ. ಹೊಲದ ಬದುವಿಗಾಗಿ ಬಡಿದಾಡಿಕೊಂಡ ಅಣ್ಣತಮ್ಮಂದಿರು ಕೂಡ ಮಣ್ಣಿನ ಹೊತ್ತಿಗೆ ಒಂದೇ ಕುಣಿಯ ದಂಡೆಯಲ್ಲಿ ನಿಲ್ಲುತ್ತಾರೆ. ಸತ್ತವನಿಗೆ ಊರು ಒಂದೊಂದು ಹಿಡಿ ಮಣ್ಣು ಕೊಟ್ಟರೆ ಮಾತ್ರ ಅವನು ಆ ಊರಲ್ಲಿ ಬಾಳಿದ್ದು ಲೆಕ್ಕಕ್ಕೆ ಬರುತ್ತದೆ. ಕೊಡದಿದ್ದರೆ ಅವನು ಬದುಕಿದ್ದೇ ಸುಳ್ಳು ಎಂದ ಹಾಗೆ.

ಗಣಿ ಆಳಕ್ಕೆ ಇಳಿದಂತೆ ಬಂಗಾರ ಸಿಗಲಿಲ್ಲ, ನೀರು ಸಿಕ್ಕಿತು. ಕಂಪನಿ ಯಂತ್ರವಿಟ್ಟು ಆ ನೀರನ್ನು ಹೊರಗೆಳೆದು ಗುಡ್ಡದ ಆಚೆ ಚೆಲ್ಲಿತು. ಅದಾದ ಮೇಲೆ ಊರಿನ ಸಿಹಿನೀರ ಬಾವಿ ಕೆಳಗಿಳಿಯುತ್ತ ಹೋಗಿ ಒಂದು ದಿನ ತಳ ಕಂಡಿತು. ಹೆಂಗಸರು ಕೊಡ ಹೊತ್ತು ಕೊಂಚಿಹಾಳದ ತನಕ ನಡೆಯಬೇಕಾಯಿತು. ಊರು ಸಿಟ್ಟಿಗೆದ್ದಿತು, ಅದರಲ್ಲಿ ತಪ್ಪೇನೂ ಇರಲಿಲ್ಲ. ಸಾಹೇಬನ ಮನೆಗೆ ಯಾರೂ ಹೋಗಕೂಡದು, ಒಲೆಗೆ ಬೆಂಕಿ ಕೊಡಕೂಡದು, ಮಾತಾಡಿಸಕೂಡದು ಎಂದು ಊರಗೌಡ ರುದ್ರಗೌಡ ಕಟ್ಟೆಯಲ್ಲಿ ಕಟ್ಟು ಹಾಕಿದ. ಕೂಲಿಗೆ ಹೋಗುವವರು ಕೂಲಿಯಷ್ಟೇ ಮಾಡಿ ಬರಬೇಕು. ಅಷ್ಟರಲ್ಲಿ ಕಂಪನಿಯೂ ಬೇಸತ್ತು ಗಂಟುಮೂಟೆ ಕಟ್ಟಿತು. ಉಳಿದ ಬಿಳಿಯರೆಲ್ಲ ಹೊರಟುಹೋದರು. ಪೆನ್‌ಗೋವರ್ ಮಾತ್ರ ಹೋಗಲಿಲ್ಲ.

ಏಕೆಂದು ಅಡಿವೆಪ್ಪನೊಬ್ಬನಿಗೇ ಗೊತ್ತಿತ್ತು. ಯಂತ್ರ ನಿಂತ ಮೇಲೆ ಬಿಟ್ಟುಹೋದ ಗಣಿಯಲ್ಲಿ ನೀರು ಮತ್ತೆ ತುಂಬುತ್ತಿತ್ತು, ಆದರೆ ಕಲ್ಲು ಸೀಳಿಹೋಗಿದ್ದರಿಂದ ಬಾವಿಯ ಹಾದಿ ಅದಕ್ಕೆ ತಪ್ಪಿಹೋಗಿತ್ತು. ಗುಡ್ಡದ ಬುಡದಿಂದ ಸ್ವಲ್ಪ ಏರುತ್ತ ಹೋಗುವ ಸುರಂಗ ಕೊರೆದು ಗಣಿಗೆ ಮುಟ್ಟಿಸಿದರೆ ನೀರು ತಾನಾಗಿ ಊರ ಕಡೆ ಇಳಿದು ಬರುತ್ತದೆ, ನಮ್ಮೂರಲ್ಲಿ ಹೀಗೇ ಮಾಡುತ್ತಾರೆ ಎಂದ ಸಾಹೇಬ. ಊರಿನ ನೀರು ಕಳೆದವನು ನಾನು, ತಿರುಗಿ ಕೊಡದೆ ಯಾವ ಮುಖದಿಂದ ಹೋಗಲಿ ಎಂದೂ ಅಂದ. ಇಬ್ಬರೂ ಸೇರಿ ಕೊರೆಯತೊಡಗಿದರು. ಒಂದು ಸಂಜೆ ಕಟ್ಟೆಯ ಮುಂದೆ ಹಾಯುತ್ತಿದ್ದ ಅಡಿವೆಪ್ಪನನ್ನು ರುದ್ರಗೌಡ ತಡೆದ.

"ಎಲ್ಲಾ ಬಿಳೇ ಮಂದಿ ಹೋತಲ್ಲೋ ಅಡಿವೆಪ್ಪಾ, ಇಂವ ಒಬ್ಬಾಂವ ಗುಡ್ಡದಾಗ ಏನ ಕೆದರಾಕತ್ತಾನ?"

ಕಟ್ಟೆಯ ತುಂಬ ಜನ. ನೀರು ಎನ್ನಲು ಅಡಿವೆಪ್ಪನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ನೀರು ಎಂದು ಹೇಳಿ ನಾಳೆ ಬರದಿದ್ದರೆ? ಬಿಳಿಯನ ಬಾಲ ಹಿಡಿದು ನಮಗೆ ಮಣ್ಣು ಮುಕ್ಕಿಸಿದ ಎಂದು ಊರು ನಗುವುದಿಲ್ಲವೇ? ನಾಳೆಯಿಂದ ತನ್ನ ಮನೆಗೂ ಬೆಂಕಿ ಸಿಗದಂತಾದರೆ? ಊರ ಬಾಯಿಗೆ ಮುಚ್ಚಳವಿಲ್ಲ ಎಂಬುದನ್ನು ಅವನು ಬಲ್ಲ.

"ಬಂಗಾರ ರೀ ಗೌಡ್ರ," ಎಂದುಬಿಟ್ಟ. "ಅವಗ ಬಂಗಾರ ಬಿಟ್ಟು ಇನ್ನೇನ ಬೇಕಾಗೈತಿ? ಸಿಕ್ಕರ ಮೊದಲ ನಿಮಗ ಬಂದು ಹೇಳ್ತೀನಿ, ಅದಕ್ಕ ಬೆನ್ನ ಹತ್ತೇನಿ."

ಕಟ್ಟೆಯ ಜನ ಭೇಷ್ ಎಂದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ಅಡಿವೆಪ್ಪ ಊರಿಗೆ ಬೇಕಾದವನಾದ, ಸಾಹೇಬ ಊರಿನ ಕಣ್ಣಿಗೆ ಇನ್ನಷ್ಟು ಕೆಟ್ಟವನಾದ. ಹಗಲು ಸಾಹೇಬನ ರೊಟ್ಟಿ ತಿಂದು ಸಂಜೆ ಅವನನ್ನೇ ಆಡಿಕೊಳ್ಳುವವರ ನಡುವೆ ಅಡಿವೆಪ್ಪ ಕೂರುತ್ತಿದ್ದ. ಉಂಡ ಮನೆಗೆ ಎರಡು ಬಗೆಯಬಾರದು ಎಂದು ಅವನ ತಾಯಿ ಹೇಳಿಕೊಟ್ಟಿದ್ದಳು. ನೀರು ಬಂದ ದಿನ ಎಲ್ಲ ಸರಿಹೋಗುತ್ತದೆ, ಆಗ ಹೇಳಿದರಾಯಿತು ಎಂದು ತನಗೆ ತಾನೇ ಸಮಾಧಾನ ಮಾಡಿಕೊಳ್ಳುತ್ತಿದ್ದ.

ನೀರು ಬರುವ ಮೊದಲು ಸಾವು ಬಂತು. ಎಳೆತನದಿಂದ ನುಂಗಿದ ಕಲ್ಲಿನ ಧೂಳು ಸಾಹೇಬನ ಎದೆಯಲ್ಲಿ ಕೂತಿತ್ತು; ಸುರಂಗ ಇನ್ನೇನು ಗಣಿಯನ್ನು ಮುಟ್ಟಬೇಕು ಎನ್ನುವಾಗ ಕೆಮ್ಮುತ್ತ ಮಲಗಿದವನು ಏಳಲಿಲ್ಲ. ಮರುದಿನ ಬೆಳಗಿನ ಹೊತ್ತು ಮೇಡಮ್ಮ ತಾನೇ ಊರೊಳಗೆ ಬಂದಳು. ಆ ಕಡೆ ಸತ್ತ ಸುದ್ದಿಯನ್ನು ಮನೆಮನೆಗೆ ಮುಟ್ಟಿಸುವುದು ವಾಡಿಕೆ. ಹೇಳಿ ಕಳಿಸಲು ಆಕೆಗೆ ಯಾರಿದ್ದರು? ತಲೆಗೆ ಬಟ್ಟೆ ಹೊದ್ದು, ಬಾಗಿಲಿಂದ ಬಾಗಿಲಿಗೆ ಹೋಗಿ, ಊರವರ ಬಾಯಿಂದಲೇ ಕಲಿತ ಮಾತನ್ನು ಹೇಳುತ್ತ ಬಂದಳು. "ಮಣ್ಣಿಗೆ ಬರ್ರಿ. ನಮ್ಮ ಮನಿಯವರ ಮಣ್ಣಿಗೆ ಬರ್ರಿ." ಆಕೆಯ ದನಿ ಕೇಳಿದ ಕೂಡಲೇ ಬಾಗಿಲುಗಳು ಮುಚ್ಚಿಕೊಳ್ಳುತ್ತ ಹೋದವು. ಎಲ್ಲ ಓಣಿ ತಿರುಗಿ ಕೊನೆಗೆ ಆಕೆ ಅಡಿವೆಪ್ಪನ ಮನೆಗೆ ಬಂದಳು. ಇದೊಂದು ಬಾಗಿಲು ತೆರೆಯುತ್ತದೆ ಎಂದೇ ಇದನ್ನು ಕೊನೆಗೆ ಉಳಿಸಿಕೊಂಡಿದ್ದಳು ಎನ್ನುತ್ತಾರೆ.

ಒಳಗೆ ಅಡಿವೆಪ್ಪ ಅಗಳಿ ಹಾಕಿ ಅದರ ಮೇಲೆ ಕೈಯಿಟ್ಟು ನಿಂತಿದ್ದ. ಓಣಿಯ ಎಲ್ಲ ಕಿಂಡಿಗಳಲ್ಲಿ ಕಣ್ಣುಗಳಿದ್ದವು. ಹೆಂಡತಿ ತಿರಕವ್ವ ಅವನ ಮುಖವನ್ನೇ ನೋಡಿದಳು.

"ಬಾಗಲಾ ತಗೀರಿ," ಎಂದಳು. "ನಿಮ್ಮಪ್ಪನ ಮಣ್ಣಿಗೆ ಅಂವ ಬಂದಿದ್ದ."

ಅಡಿವೆಪ್ಪ ತೆಗೆಯಲಿಲ್ಲ. ಅಗಳಿ ಸರಿಸಲು ತಿರಕವ್ವ ಚಾಚಿದ ಕೈಯನ್ನೂ ಹಿಡಿದುಕೊಂಡ. ಹೊರಗೆ ಮೇಡಮ್ಮ ಮೆಲ್ಲಗೆ ಬಾಗಿಲು ತಟ್ಟಿದಳು, "ಅಡಿವೆಪ್ಪಾ, ಮಣ್ಣಿಗೆ ಬಾ" ಎಂದಳು, ಸ್ವಲ್ಪ ಹೊತ್ತು ನಿಂತಳು. ಆಮೇಲೆ ಹೆಜ್ಜೆಯ ಸದ್ದು ದೂರವಾಯಿತು. ಗುಡ್ಡದಲ್ಲಿ ಕುರಿ ಮೇಯಿಸಲು ಪರಸ್ಥಳದಿಂದ ಬಂದಿದ್ದ ಇಬ್ಬರು ಕುರುಬರು ಅವಳೊಂದಿಗೆ ಕೈಜೋಡಿಸಿ ಸುರಂಗದ ಹತ್ತಿರವೇ ಕುಣಿ ತೋಡಿದರು. ಮುರಡಿಹಾಳದಿಂದ ಒಂದು ಹಿಡಿ ಮಣ್ಣೂ ಹೋಗಲಿಲ್ಲ. ಅಲ್ಲಿ ಕಲ್ಲುನೆಲ, ಮಣ್ಣು ಕಡಿಮೆ. ಕುಣಿ ಸರಿಯಾಗಿ ಮುಚ್ಚಲಿಲ್ಲವೆಂದು ಮೇಲೆ ಕಲ್ಲು ಹೇರಿದರಂತೆ.

ಆ ರಾತ್ರಿ ತಿರಕವ್ವ ಗಂಡನಿಗೆ ಉಣ್ಣಲು ಬಡಿಸಿ, ತಾನು ಉಣ್ಣದೆ ಎದ್ದು ಹೋದಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಬೆಳಕು ಹರಿಯುತ್ತಲೇ ಅಡಿವೆಪ್ಪ ಹಾರೆ ಹೊತ್ತು ಸುರಂಗಕ್ಕೆ ಹೋದ. ಗೋರಿಯ ಕಡೆ ನೋಡುವ ಧೈರ್ಯವಾಗದೆ ಮುಖ ತಿರುಗಿಸಿಕೊಂಡೇ ಒಳನುಗ್ಗಿದ. ಎದುರಿನ ಕಲ್ಲು ಆಗಲೇ ಬೆವರುತ್ತಿತ್ತು. ನೀರು ಒತ್ತಿ ಬಂದರೆ ಹೊರಗೋಡಲು ಸಮಯ ಸಿಗಲಿಕ್ಕಿಲ್ಲ ಎಂದು ಸಾಹೇಬ ಹೇಳಿದ್ದ. ಕೊಚ್ಚಿಹೋದರೂ ಹೋಗಲಿ, ಊರಿಗೆ ಮುಖ ತೋರಿಸುವುದಾದರೂ ತಪ್ಪುತ್ತದೆ ಎಂದುಕೊಂಡು ಅವನು ಹಾರೆ ಬೀಸಿದ. ಕಲ್ಲು ಸೀಳಿತು. ನೀರು ಅವನನ್ನು ಎತ್ತಿ, ಉರುಳಿಸಿ, ಹೊರಗೆ ತಂದು ಹಳ್ಳದಲ್ಲಿ ಚೆಲ್ಲಿತು. ಸಾವೂ ಅವನನ್ನು ಬೇಡವೆಂದಿತು ಎಂದು ಹೇಳುವಾಗ ಹಿರಿಯರು ಸ್ವಲ್ಪ ನಗುತ್ತಾರೆ.

ಒಣಹಳ್ಳದಲ್ಲಿ ನೀರು ಕಂಡು ಊರಿಗೆ ಊರೇ ಓಡಿ ಬಂತು. ಒದ್ದೆಮುದ್ದೆಯಾಗಿ, ಮೈಯೆಲ್ಲ ಗೀರಿಹೋಗಿ ಕೂತಿದ್ದ ಅಡಿವೆಪ್ಪನನ್ನು ಹೆಗಲ ಮೇಲೆ ಎತ್ತಿದರು. ಅವನು ಕೆಳಗಿಳಿದು ಸಾಹೇಬನ ಬಂಗಲೆಯ ಕಡೆ ಓಡಿದ. ಬಾಗಿಲು ತೆರೆದಿತ್ತು, ಒಳಗೆ ಏನೂ ಇರಲಿಲ್ಲ. ಮೇಡಮ್ಮನ ಗಾಡಿ ನಸುಕಿನಲ್ಲೇ ಹೋಗಿತ್ತು, ಹಾದಿಯಲ್ಲಿ ಗಾಲಿಯ ಗೀರು ಮಾತ್ರ ಉಳಿದಿತ್ತು. ತಿರುಗಿ ಬಂದಾಗ ರುದ್ರಗೌಡ ತನ್ನ ರುಮಾಲನ್ನೇ ಬಿಚ್ಚಿ ಅವನ ತಲೆಗೆ ಸುತ್ತಲು ನಿಂತಿದ್ದ.

"ಬಿಳಿಯ ಕಳದ ನೀರನ್ನ ನಮ್ಮ ಹುಡುಗ ತಂದಾನ. ಇದು ಬಾರಿಗಿಡದ ಅಡಿವೆಪ್ಪನ ನೀರು ಅಂತ ಕಲ್ಲ ನಿಲ್ಲಿಸೂಣು," ಎಂದ.

ಗುಂಪಿನ ಅಂಚಿನಲ್ಲಿ ತಿರಕವ್ವ ಕೊಡ ಹಿಡಿದು ನಿಂತಿದ್ದಳು. ಊರೆಲ್ಲ ನೀರು ತುಂಬಿಕೊಳ್ಳುತ್ತಿದ್ದರೂ ಅವಳ ಕೊಡ ಬರಿದಾಗಿಯೇ ಇತ್ತು. ಅಡಿವೆಪ್ಪ ರುಮಾಲನ್ನು ಎರಡೂ ಕೈಯಿಂದ ಹಿಂದಕ್ಕೆ ಕೊಟ್ಟ.

"ಆ ಹೆಸರ ಬ್ಯಾಡ್ರಿ. ಪೆಂಗಾವರ ಅಂತ ಇಡ್ರಿ."

"ಅದು ಆ ಸಾಹೇಬನ ಹೆಸರಲ್ಲೇನೋ?"

"ಇವತ್ತಿನಿಂದ ನಂದೂ ಅದ ಹೆಸರ. ಬಾರಿಗಿಡದ ಅಂತ ಯಾರರ ಕರದ್ರ ನಾ ಓ ಅನ್ನಂಗಿಲ್ಲ." ಅವನು ಗೋರಿಯ ಕಡೆ ಕೈ ತೋರಿದ. "ಅಂವ ಬಂಗಾರ ಹುಡುಕತಿರಲಿಲ್ಲ ಗೌಡ್ರ. ನಮ್ಮ ನೀರ ನಮಗ ಕೊಟ್ಟು ಹೋಗಾಕ ನಿಂತಿದ್ದ. ನನಗ ಗೊತ್ತಿತ್ತು. ಗೊತ್ತಿದ್ದೂ ಬಾಗಲಾ ಹಾಕ್ಕೊಂಡೆ."

ಕೊಡ ತುಂಬುತ್ತಿದ್ದ ಹೆಂಗಸರ ಕೈಗಳು ಅಲ್ಲಲ್ಲೇ ನಿಂತವು. ಯಾರೂ ಅಡಿವೆಪ್ಪನನ್ನು ಬೈಯಲಿಲ್ಲ, ಏಕೆಂದರೆ ಮೇಡಮ್ಮನ ದನಿ ಎಲ್ಲರ ಬಾಗಿಲಿಗೂ ಬಂದಿತ್ತು. ಸುಳ್ಳು ಒಬ್ಬನದಾದರೂ ಅಗಳಿ ಹಾಕಿದ ಕೈಗಳು ಅವರವರವೇ. ರುದ್ರಗೌಡ ರುಮಾಲನ್ನು ತಲೆಗೆ ಸುತ್ತದೆ ಹೆಗಲ ಮೇಲೆ ಹಾಕಿಕೊಂಡ. ಮೊದಲು ಅಲುಗಿದವಳು ತಿರಕವ್ವ. ಗೋರಿಯ ಸುತ್ತ ಮಣ್ಣಿಲ್ಲದ್ದರಿಂದ ನೀರು ಹರಡುತ್ತಿದ್ದ ತಗ್ಗಿಗೆ ಇಳಿದು, ಹಸಿಮಣ್ಣು ಕೆದರಿ, ಆ ಖಾಲಿ ಕೊಡದಲ್ಲೇ ತುಂಬಿ ಕೊಂಡೊಯ್ದು ಕಲ್ಲುಗಳ ಮೇಲೆ ಸುರಿದಳು. ಅವಳ ಹಿಂದೆ ಅಡಿವೆಪ್ಪ, ಅವನ ಹಿಂದೆ ಗೌಡ, ಆಮೇಲೆ ಊರು. ಸತ್ತವನು ನೆಲ ಸೇರಿದ ಮೇಲೆ ಕೊಡುವ ಮಣ್ಣು ಅವನಿಗೆ ಮುಟ್ಟುತ್ತದೆಯೋ ಇಲ್ಲವೋ ಎಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದರಿಂದಲೇ ನಿಲ್ಲಿಸಲೂ ಆಗಲಿಲ್ಲ. ಮರುವರ್ಷ ಅದೇ ದಿನ ಮನೆಗೊಂದು ಬುಟ್ಟಿ ಮಣ್ಣು ಕೊಟ್ಟರು, ಅದರ ಮರುವರ್ಷವೂ ಕೊಟ್ಟರು. ಹೀಗೆ ತೆಗೆದ ಕಡೆ ಕೆರೆಯಾಯಿತು, ಸುರಿದ ಕಡೆ ದಿನ್ನೆಯಾಯಿತು ಎನ್ನುತ್ತಾರೆ. ಅಡಿವೆಪ್ಪ ಮುದುಕನಾಗುವ ತನಕ ಊರವರು ಅವನನ್ನು ಪೆಂಗಾವರ ಎಂದೇ ಕರೆದರು. ಪ್ರತಿಸಲ ಓ ಎನ್ನುವ ಮೊದಲು ಅವನು ಒಂದು ಗಳಿಗೆ ನೆಲ ನೋಡುತ್ತಿದ್ದನಂತೆ.

ಕೆಲವು ವರ್ಷಗಳ ಹಿಂದೆ ಆ ಪಡುವಣ ತುದಿಯಿಂದ ಒಬ್ಬ ವಯಸ್ಸಾದ ಹೆಂಗಸು ತನ್ನ ಹೆಸರಿನ ಜನ ಎಲ್ಲೆಲ್ಲಿ ಉಳಿದಿದ್ದಾರೆಂದು ಹುಡುಕುತ್ತ ಮುರಡಿಹಾಳಕ್ಕೆ ಬಂದಿದ್ದಳು. ಆಕೆಯೂ ಪೆನ್‌ಗೋವರ್. ಗಣಿಯಿದ್ದ ದೇಶಗಳಲ್ಲೆಲ್ಲ ಹುಡುಕಿದಳಂತೆ. ಒಂದು ಕಡೆ ಹೆಣ್ಣುಮಕ್ಕಳಷ್ಟೇ ಹುಟ್ಟಿ ಹೆಸರು ನಿಂತಿತ್ತು, ಇನ್ನೊಂದು ಕಡೆ ಗೋರಿಕಲ್ಲು ಮಾತ್ರ ಇತ್ತು. ಅಷ್ಟು ಅಪರೂಪವಾದ ಹೆಸರು ಕನ್ನಡನಾಡಿನ ಮೂರು ಹಳ್ಳಿಗಳಲ್ಲಿ ತುಂಬಿಕೊಂಡಿರುವುದು ಆಕೆಗೆ ದೊಡ್ಡ ಬೆರಗು. ಅಡಿವೆಪ್ಪನ ಹಳೆಯ ಮನೆಗೆ ಬಂದು ತಟ್ಟಲೆಂದು ಬಾಗಿಲಿಗೆ ಕೈಯಿಟ್ಟಳು, ಬಾಗಿಲು ತಾನಾಗಿ ತೆರೆದುಕೊಂಡಿತು. ಒಳಗಿದ್ದ ಮನೆಯ ಹಿರಿಯಳು ಚನ್ನಮಲ್ಲವ್ವ ಎದ್ದು ನಿಂತಳು. ನಾವು ನೀವು ಒಂದೇ ರಕ್ತವೇ ಎಂದು ಬಂದ ಹೆಂಗಸು ತನ್ನ ಜೊತೆಯವರಿಂದ ಕೇಳಿಸಿದಳು.

"ರಕ್ತದ ಸಂಬಂಧ ಅಲ್ರೀ ತಾಯೀ," ಎಂದಳು ಚನ್ನಮಲ್ಲವ್ವ, ತಲೆ ಎತ್ತದೆ. "ನಾಚಿಕಿ ಸಂಬಂಧ. ನಿಮ್ಮಾಕಿ ಒಬ್ಬಾಕಿ ಈ ಬಾಗಲದಾಗ ನಿಂತು ಹೋಗ್ಯಾಳ. ನೀವರ ಒಳಗ ಬರ್ರಿ."

ಇಂದಿಗೂ ಪ್ರತಿವರ್ಷ ನೀರು ಬಂದ ಆ ದಿನ ಊರವರು ಕೆರೆಯ ಹೂಳು ತೆಗೆದು ದಿನ್ನೆಗೆ ಸುರಿಯುತ್ತಾರೆ. ಬೇರೆ ದಿನ ಹೋದವರೂ ಒಂದು ಹಿಡಿ ಮಣ್ಣು ಹಾಕದೆ ನೀರು ಮುಟ್ಟುವುದಿಲ್ಲ. ಮೂರೂ ಊರುಗಳಲ್ಲಿ ಪೆಂಗಾವರ ಮನೆ ಯಾವುದೆಂದು ಯಾರನ್ನೂ ಕೇಳಬೇಕಾಗಿಲ್ಲ, ಮುಂಬಾಗಿಲು ನೋಡಿದರೆ ಸಾಕು. ಹೊಸದಾಗಿ ಕಟ್ಟಿಸಿದ ಮನೆಗೂ ಆ ಮನೆತನದವರು ಒಳಗಿನಿಂದ ಅಗಳಿ ಇಡಿಸುವುದಿಲ್ಲ. ಹಳೆಯ ಮನೆಯಲ್ಲಿ, ಗೋರಿಗೆ ಮಣ್ಣು ಕೊಟ್ಟು ಬಂದ ಆ ಮೊದಲ ದಿನವೇ ಅಡಿವೆಪ್ಪ ಅಗಳಿ ಕಿತ್ತೊಗೆದನಂತೆ, ಅದರ ತೂತು ಗೋಡೆಯಲ್ಲಿ ಹಾಗೆಯೇ ಇದೆ. ಮಕ್ಕಳು ಅದರೊಳಗೆ ಕೈ ತೂರಿಸಿ ಆಡುತ್ತಾರೆ. ಸುಣ್ಣ ಬಳಿಯುವಾಗ ದೊಡ್ಡವರು ಅದನ್ನು ಮುಚ್ಚಿಸುವುದಿಲ್ಲ.