ಮೇಲ್ ನಿಲ್ಲುವ ಗಳಿಗೆ

ರೇಷ್ಮೆ ಸೊಸೈಟಿಯ ಮ್ಯಾನೇಜರ್ ನಂಜರಾಜಯ್ಯನವರು ಒಂದು ದಿನ ಎಲ್ಲರೆದುರೇ ಗುಡುಗಿದರು. "ನೋಡಮ್ಮ ಪುಟ್ಟತಾಯಿ, ಕಂಪ್ಯೂಟರಿನ ಈ ಮೇಲ್ ಒಂದು ಗಳಿಗೆ ಬರುತ್ತೆ, ಒಂದು ಗಳಿಗೆ ನಿಲ್ಲುತ್ತೆ. ತಿಂಗಳೊಳಗೆ ಕಾರಣ ಹುಡುಕದಿದ್ರೆ ನಿನ್ನನ್ನ ಗಡಿ ಶಾಖೆಗೆ ಎತ್ತಿ ಹಾಕ್ತೀನಿ!"

ಗುಮಾಸ್ತೆ ಪುಟ್ಟತಾಯಮ್ಮನಿಗೆ ಕಂಪ್ಯೂಟರ್ ವಿದ್ಯೆ ಅಷ್ಟಕ್ಕಷ್ಟೆ. ಕಣ್ಣು ಮಾತ್ರ ಬಲು ಚುರುಕು. ಮೇಲ್ ನಿಂತಾಗಲೆಲ್ಲ ಕ್ಯಾಲೆಂಡರಿನಲ್ಲಿ ಗೀಟು ಎಳೆದಳು. ಮೂರನೇ ಗೀಟಿಗೇ ಗುಟ್ಟು ಸಿಕ್ಕಿತು. ಹೆಡ್ಡಾಫೀಸಿನಿಂದ ವಾರದ ತಪಾಸಣೆಗೆ ಸರೋಜಿನಿ ಮೇಡಂ ಬರುವ ದಿನ, ಅವರು ಬರುವ ಹತ್ತು ನಿಮಿಷ ಮುಂಚೆ ಮೇಲ್ ಸಾಯುತ್ತಿತ್ತು.

ನಾಲ್ಕನೇ ಸಲ ಸರ್ವರ್ ಕೋಣೆಯ ಬಾಗಿಲ ಸಂದಿಯಲ್ಲಿ ಇಣುಕಿದಳು. ಮ್ಯಾನೇಜರ್ ಸಾಹೇಬರು ಯಾವುದರದೆಂದೂ ನೋಡದೆ ಮೇಲ್ ನಡೆಸುವ ಸರ್ವರಿನ ಪ್ಲಗ್ ಕಿತ್ತು, ಅಲ್ಲಿ ಹೇರ್ ಡ್ರೈಯರ್ ಸಿಕ್ಕಿಸಿ, ತೊಳೆದರೆ ಹೋಗುವ ಕಪ್ಪು ಬಳಿದ ತಲೆ ಒಣಗಿಸುತ್ತಿದ್ದರು! ಮನೆಯಲ್ಲಿ ಬಳಿದುಕೊಂಡರೆ ಹೆಂಡತಿ 'ಯಾರಿಗೋಸ್ಕರ' ಅಂತ ಕೇಳುವುದಿಲ್ಲವೇ?

ತಿಂಗಳ ಕೊನೆಗೆ ಪುಟ್ಟತಾಯಮ್ಮ ಎಲ್ಲರೆದುರೇ ಕಾಗದ ನೀಡಿದಳು. "ಸರ್, ಮೇಡಂ ಬರೋ ದಿನವೇ ಮೇಲ್ ನಿಲ್ಲೋದು. ಅವರನ್ನ ಇನ್ನು ಕಳಿಸಬೇಡಿ ಅಂತ ಹೆಡ್ಡಾಫೀಸಿಗೆ ಬರೆದಿದ್ದೀನಿ. ಒಂದು ಸಹಿ ಹಾಕಿ."

ಸಾಹೇಬರ ಮುಖ ಹರಳೆಣ್ಣೆ ಕುಡಿದಂತಾಯಿತು. "ಅವರನ್ನ ಯಾಕಮ್ಮ ನಿಲ್ಲಿಸ್ತೀಯ?"

"ಹಾಗಾದ್ರೆ ಸರ್ವರ್ ಕೋಣೆಗೆ ಕ್ಯಾಮೆರಾ ಕೇಳಿ ಬರೀಲಾ?"

"ಬೇಡ, ಬೇಡ! ತಾನಾಗೇ ಸರಿಹೋಯ್ತು ಅಂತ ಬರಿ. ನಿನ್ನ ವರ್ಗಾವಣೆಯೂ ಇಲ್ಲ, ಹೋಗು."

ಅಂದಿನಿಂದ ಮೇಲ್ ಒಂದು ಗಳಿಗೆಯೂ ನಿಲ್ಲಲಿಲ್ಲ. ಮುಂದಿನ ಸಲ ಬಂದ ಮೇಡಂ ಕುರ್ಚಿಯಲ್ಲಿದ್ದ ಬಿಳಿತಲೆ ನೋಡಿ, "ತಾತಾ, ಮ್ಯಾನೇಜರ್ ಎಲ್ಲಿ ಹೋದ್ರು?" ಅಂದರಂತೆ.