ಎಂಟಾಣೆಯ ತೋಟೆ

“ಬುದ್ಧಿಯವರೇ, ಅಭಾವದ ಕಾಲದಲ್ಲೂ ಹಳೆಯ ಬೆಲೆಗೇ ಸರಕು ಮಾರಿದವನಿಗೆ ದೋಷ ತಟ್ಟುತ್ತದೆಯೇ?”

ಕೇಳಿದವನು ಸಿದ್ಧಮಲ್ಲಯ್ಯ. ಮಠಕ್ಕೆ ಬಂದು ಸೇರುವ ಮೊದಲು ಅವನು ಪೇಟೆಯಲ್ಲಿ ಸೀಮೆಎಣ್ಣೆ ಅಂಗಡಿ ಇಟ್ಟಿದ್ದ. ಸೀಮೆಎಣ್ಣೆ ಸಿಗದೆ ಹೋದ ವರ್ಷ ಒಂದು ಕಾಸೂ ಏರಿಸದೆ ಮಾರಿದ್ದ. ಆದರೂ ಜನ ಅವನನ್ನು ಬೈದಿದ್ದರು. ಏಕೆ ಬೈದರು ಎಂಬುದು ಅವನಿಗೆ ಈವರೆಗೂ ತಿಳಿದಿರಲಿಲ್ಲ.

ಮಠದ ಗುರುಗಳು ಅವನಿಗೆ ಕುಳಿತುಕೊಳ್ಳಲು ಕೈಸನ್ನೆ ಮಾಡಿದರು. ಆಮೇಲೆ ಒಂದು ಕಥೆ ಹೇಳತೊಡಗಿದರು.

ಕಾಡಿನ ಅಂಚಿನ ಊರೊಂದರಲ್ಲಿ ಒಬ್ಬ ವ್ಯಾಪಾರಿ ಇದ್ದ. ಕೋವಿಗೆ ಹಾಕುವ ತೋಟೆಗಳನ್ನು ಮಾರುತ್ತಿದ್ದ. ಸುತ್ತಲಿನ ಹಳ್ಳಿಗಳಿಗೆಲ್ಲ ತೋಟೆ ಮಾರುವ ಪರವಾನಗಿ ಇದ್ದದ್ದು ಅವನೊಬ್ಬನಿಗೇ. ಆ ಸೀಮೆಯಲ್ಲಿ ರಾಗಿ ತೆನೆ ಕಟ್ಟುವ ಹೊತ್ತಿಗೆ ಕಾಡಿನಿಂದ ಆನೆ ಇಳಿಯುತ್ತಿತ್ತು. ರೈತರು ಹೊಲದ ಅಟ್ಟಣೆಯ ಮೇಲೆ ಕುಳಿತು ಆಕಾಶಕ್ಕೆ ಗುಂಡು ಹಾರಿಸುತ್ತಿದ್ದರು. ಆ ಸದ್ದಿಗೆ ಆನೆ ಕಾಡಿಗೆ ಮರಳುತ್ತಿತ್ತು. ಒಂದು ತೋಟೆಗೆ ಎಂಟಾಣೆ. ಎಷ್ಟೋ ವರ್ಷದಿಂದ ಅದೇ ಬೆಲೆ.

ಒಂದು ವರ್ಷ ದೂರದಲ್ಲೆಲ್ಲೋ ಯುದ್ಧ ಹತ್ತಿತು. ತಯಾರಾದ ಸಿಡಿಮದ್ದೆಲ್ಲ ದಂಡಿಗೆ ಹೋಯಿತು. ತೋಟೆ ಬರುವುದು ನಿಂತಿತು. ಪಟಾಕಿಯೂ ಇಲ್ಲವಾಯಿತು. ವ್ಯಾಪಾರಿಯ ಬಳಿ ಉಳಿದದ್ದು ನಾನೂರು ತೋಟೆ. ಹೊಲಗಳಲ್ಲಿ ರಾಗಿ ತೆನೆ ಕಟ್ಟುತ್ತಿತ್ತು.

ವ್ಯಾಪಾರಿಯ ಹೆಂಡತಿ ಹೇಳಿದಳು: “ಕೆಳಗಿನ ಪೇಟೆಯಲ್ಲಿ ಒಂದೂವರೆ ರೂಪಾಯಿ ಆಗಿದೆಯಂತೆ. ನೀವೂ ಏರಿಸಿ.”

“ನಾನು ಕೊಂಡದ್ದು ಹಳೆಯ ದರದಲ್ಲಿ. ಕಷ್ಟ ಬಂದಿದೆ ಎಂದು ಜನರ ಕತ್ತು ಹಿಚುಕಲೇ?” ಎಂದ ವ್ಯಾಪಾರಿ. ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ‘ತೋಟೆಗೆ ಎಂಟಾಣೆ’ ಎಂದು ದೊಡ್ಡದಾಗಿ ಬರೆದ. ಬರೆದು ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ಅವನ ಮನಸ್ಸಿಗೆ ಹಿತವಾಯಿತು.

ಮರುದಿನ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಜನ ಸೇರಿದ್ದರು. ಎಲ್ಲರಿಗಿಂತ ಮುಂದೆ ಒಬ್ಬ ಗಾಡಿಯವನು ನಿಂತಿದ್ದ. ಅವನಿಗೆ ಎರಡು ಜೊತೆ ಎತ್ತುಗಳಿದ್ದವು. ಒಂದು ಜೊತೆಯನ್ನು ಹಿಂದಿನ ದಿನವೇ ಮಾರಿ ಹಣ ತಂದಿದ್ದ.

“ಮುನ್ನೂರು ಕೊಡಿ” ಎಂದ.

ವ್ಯಾಪಾರಿಯ ಕೈ ತಡೆಯಿತು. ಆದರೆ ಮೊದಲು ಬಂದವನಿಗೆ ಮೊದಲು ಕೊಡುವುದು ಅಂಗಡಿಯ ಪದ್ಧತಿ. ಇಷ್ಟೇ ಕೊಳ್ಳಬೇಕೆಂಬ ನಿಯಮವನ್ನು ಅವನು ಯಾವತ್ತೂ ಮಾಡಿರಲಿಲ್ಲ. ಹಣ ಎದುರಿಗಿತ್ತು. ಕೊಟ್ಟುಬಿಟ್ಟ. ಉಳಿದ ನೂರಕ್ಕೆ ಹಿಂದಿದ್ದವರು ನೂಕಾಡಿದರು. ಸ್ವಲ್ಪ ಹೊತ್ತಿನಲ್ಲೇ ಅಂಗಡಿ ಬರಿದಾಯಿತು.

ನೆತ್ತಿಗೆ ಬಿಸಿಲು ಬಂದ ಮೇಲೆ ಒಬ್ಬ ರೈತ ಬಂದ. ಅವನ ಹೊಲ ಕಾಡಿಗೆ ತಾಗಿಕೊಂಡೇ ಇತ್ತು.

“ಮುಗಿಯಿತಲ್ಲಪ್ಪ. ಬೆಳಿಗ್ಗೆಯೇ ಬರಬಾರದಿತ್ತೇ?” ಎಂದ ವ್ಯಾಪಾರಿ.

“ಆನೆ ಕಾಡಿಗೆ ಹೋಗುವವರೆಗೆ ಹೊಲ ಬಿಟ್ಟು ಬರುವುದು ಹೇಗೆ, ಸಾಹುಕಾರರೇ?” ಎಂದ ರೈತ.

ಎಲ್ಲರಿಗಿಂತ ಹೆಚ್ಚು ಬೇಕಾದವನು ಎಲ್ಲರಿಗಿಂತ ಕೊನೆಗೆ ಬಂದಿದ್ದ. ರೈತ ಬರಿಗೈಯಲ್ಲಿ ಹೋದ.

ಆಮೇಲೆ ಒಂದೊಂದೇ ಸುದ್ದಿ ಬಂತು. ಗಾಡಿಯವನು ತನ್ನ ಮನೆಯಲ್ಲಿ ತೋಟೆಯನ್ನು ಮೂರು ರೂಪಾಯಿಗೆ ಮಾರುತ್ತಿದ್ದಾನೆ. ಎಂಟಾಣೆಯಂತೆ ಹತ್ತು ತೋಟೆ ಕೊಂಡವನೊಬ್ಬ ಮಗಳ ಮದುವೆಯ ದಿಬ್ಬಣದಲ್ಲಿ ಹತ್ತನ್ನೂ ಹಾರಿಸಿದ್ದಾನೆ. ಇನ್ನೊಬ್ಬ ಮುಂದಿನ ವರ್ಷಕ್ಕಿರಲಿ ಎಂದು ಅಟ್ಟದ ಮೇಲೆ ಇಟ್ಟಿದ್ದಾನೆ. ಪಕ್ಕದ ಮನೆಯವರು ಎರಡು ಕೊಡಿ ಎಂದು ಬೇಡಿದರೆ ಇಲ್ಲವೆಂದು ಸುಳ್ಳು ಹೇಳಿದ್ದಾನೆ. ಊರಿನವರು ಗಾಡಿಯವನನ್ನು ಬೈದರು. ಅವನಿಗಿಂತ ಹೆಚ್ಚಾಗಿ, ಅವನಿಗೆ ಮುನ್ನೂರು ಕೊಟ್ಟ ವ್ಯಾಪಾರಿಯನ್ನು ಬೈದರು.

ವ್ಯಾಪಾರಿ ಸಿಟ್ಟಿನಿಂದ ಗಾಡಿಯವನ ಮನೆಗೆ ಹೋದ. ಅಲ್ಲಿ ಜಗಲಿಯ ಮೇಲೆ ಅದೇ ರೈತ ಕುಳಿತಿದ್ದ. ಕರೆಯುವ ಎಮ್ಮೆಯನ್ನು ಮಾರಿ ಇಪ್ಪತ್ತು ತೋಟೆ ಕೊಂಡು ಪಂಚೆಯ ಅಂಚಿನಲ್ಲಿ ಕಟ್ಟಿಕೊಳ್ಳುತ್ತಿದ್ದ.

“ಇವನ ಎಮ್ಮೆ ತಿಂದೆಯಲ್ಲೋ. ಎಂಟಾಣೆಗೆ ಕೊಟ್ಟ ಸರಕು ಅದು. ನಾಚಿಕೆ ಇಲ್ಲವೇ?” ಎಂದು ವ್ಯಾಪಾರಿ ಕೂಗಿದ.

ಗಾಡಿಯವನು ಹೇಳಿದ: “ನಿಮ್ಮ ಬೆಲೆ ಒಳ್ಳೆಯದೇ, ಅಣ್ಣ. ಆ ಬೆಲೆಗೆ ನಿಮ್ಮಲ್ಲಿ ಈಗ ಒಂದು ತೋಟೆ ಇದ್ದರೆ ಇವನಿಗೆ ಕೊಡಿ. ನಾನು ಎಮ್ಮೆಯ ದುಡ್ಡು ಹಿಂದಿರುಗಿಸುತ್ತೇನೆ.”

ವ್ಯಾಪಾರಿ ರೈತನ ಮುಖ ನೋಡಿದ. ರೈತ ತೋಟೆಯ ಗಂಟನ್ನು ಬಿಗಿ ಮಾಡಿದ. ಹೊತ್ತಾಯಿತೆಂದು ಎದ್ದು ಹೋದ. ಆ ಇಪ್ಪತ್ತು ತೋಟೆಯಿಂದ ಅವನ ರಾಗಿ ಉಳಿಯಿತು. ಅವನ ಮಕ್ಕಳಿಗೆ ಆ ವರ್ಷ ಹಾಲು ಇರಲಿಲ್ಲ.

ಇಷ್ಟು ಕೇಳುವಾಗ ಸಿದ್ಧಮಲ್ಲಯ್ಯ ತಡೆಯಲಾರದೆ ಬಾಯಿ ಹಾಕಿದ. “ಬುದ್ಧಿ, ಹಾಗಾದರೆ ಗಾಡಿಯವನು ಮಾಡಿದ್ದೇ ಸರಿ ಎಂದಾಯಿತೇ? ಅವನು ಬಚ್ಚಿಟ್ಟದ್ದರಿಂದಲ್ಲವೇ ರೈತನಿಗೆ ಸಿಕ್ಕಿದ್ದು? ಅಥವಾ ಅವನು ಬಚ್ಚಿಟ್ಟದ್ದರಿಂದಲೇ ರೈತನಿಗೆ ಮೊದಲು ಸಿಗಲಿಲ್ಲವೋ?”

“ಇನ್ನೂ ಇದೆ, ಕೇಳು” ಎಂದರು ಗುರುಗಳು.

ವ್ಯಾಪಾರಿ ಮನೆಗೆ ಬಂದು ಊಟ ಬಿಟ್ಟು ಯೋಚಿಸಿದ. ತಾನು ಅಗ್ಗಕ್ಕೆ ಮಾರಿದ್ದಕ್ಕೇ ಗಾಡಿಯವನಿಗೆ ಲಾಭವಾಯಿತು, ಅಗ್ಗಕ್ಕೆ ಸಿಕ್ಕಿದ್ದಕ್ಕೇ ಮದುವೆಯವನು ಸುಮ್ಮನೆ ಹಾರಿಸಿದ ಎಂದುಕೊಂಡ. ಇಪ್ಪತ್ತು ದಿನ ಕಳೆದ ಮೇಲೆ ಹೇಗೋ ಇನ್ನೂ ನಲವತ್ತು ತೋಟೆ ಬಂದವು. ಬಾಗಿಲ ಮೇಲಿನ ಬರಹವನ್ನು ಒದ್ದೆ ಬಟ್ಟೆಯಿಂದ ಒರೆಸಿ ‘ತೋಟೆಗೆ ಮೂರು ರೂಪಾಯಿ’ ಎಂದು ಬರೆದ.

ಗಾಡಿಯವನು ಬಂದು ಓದಿ, ಏನೂ ಕೊಳ್ಳದೆ ಹೋದ. ನೂಕುನುಗ್ಗಲು ಆಗಲಿಲ್ಲ. ಬಂದವರು ಒಂದೋ ಎರಡೋ ಕೊಂಡು, ಜೋಪಾನವಾಗಿ ಹಿಡಿದುಕೊಂಡು ಹೋದರು. ಸಂಜೆಯಾದರೂ ಡಬ್ಬಿಯಲ್ಲಿ ಮೂವತ್ತು ತೋಟೆ ಇದ್ದವು. ಈಗ ಸರಿಹೋಯಿತು ಎಂದು ವ್ಯಾಪಾರಿ ನಿರಾಳವಾಗಿ ಉಸಿರು ಬಿಟ್ಟ.

ಮರುದಿನ ಒಬ್ಬಳು ವಿಧವೆ ಬಂದಳು. ಗಂಡ ಬಿಟ್ಟುಹೋದ ಒಂದೆಕರೆ ಹೊಲ ಮತ್ತು ಒಂದು ಹಳೆಯ ಕೋವಿ ಅವಳ ಆಸ್ತಿ. ಅವಳ ರಾಗಿ ತಡವಾಗಿ ಬಿತ್ತಿದ್ದು. ಅಕ್ಕಪಕ್ಕದವರದು ಕೊಯ್ಲಾಗಿತ್ತು. ಕಾಡಿನ ಆ ಬದಿಯಲ್ಲಿ ತೆನೆ ನಿಂತಿದ್ದದ್ದು ಅವಳ ಹೊಲದಲ್ಲಿ ಮಾತ್ರ.

“ಅಣ್ಣ, ನಾಲ್ಕು ತೋಟೆ ಕೊಡು” ಎಂದು ಸೆರಗಿನ ಗಂಟಿನಿಂದ ಎರಡು ರೂಪಾಯಿ ಬಿಚ್ಚಿ ಇಟ್ಟಳು.

“ಈಗ ಒಂದಕ್ಕೆ ಮೂರು ರೂಪಾಯಿ, ತಾಯಿ.”

“ಹೋದ ತಿಂಗಳು ಎಂಟಾಣೆಗೆ ಕೊಟ್ಟೆಯಂತಲ್ಲ?”

“ಆಗ ಕೊಟ್ಟು ಕೆಟ್ಟೆ.”

“ಹಾಗಾದರೆ ನಾನು ಯಾವಾಗ ಬರಬೇಕಿತ್ತು?”

ಅವಳ ಮಾತಿನಲ್ಲಿ ಕೋಪವಿರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ್ದಳು. ಸುಮ್ಮನೆ ನಾಲ್ಕು ತೋಟೆ ಕೊಟ್ಟುಬಿಡೋಣ ಎನ್ನಿಸಿತು ವ್ಯಾಪಾರಿಗೆ. ಆದರೆ ಮೂರು ರೂಪಾಯಿಯ ಲೆಕ್ಕದಲ್ಲಿ ಆಗತಾನೇ ಹಣ ಎಣಿಸಿ ಕೊಟ್ಟವನೊಬ್ಬ ಪಕ್ಕದಲ್ಲೇ ನಿಂತಿದ್ದ. ಇವಳಿಗೊಂದು ಬೆಲೆ, ಅವನಿಗೊಂದು ಬೆಲೆ ಎಂದರೆ ಅದು ನ್ಯಾಯವೇ? ನಾಳೆ ಹತ್ತು ಜನ ಇದೇ ರೀತಿ ಬಂದರೆ? ಹೀಗೆ ಯೋಚಿಸುತ್ತಿರುವಾಗ ಅವಳು ಎರಡು ರೂಪಾಯಿಯನ್ನು ಮತ್ತೆ ಗಂಟು ಹಾಕಿಕೊಂಡು ಮೆಟ್ಟಿಲಿಳಿದಿದ್ದಳು.

ಮೂರನೆಯ ದಿನ ಇನ್ನೂ ಬಿಸಿಲಿರುವಾಗಲೇ ಒಂಟಿ ಸಲಗ ಅವಳ ಹೊಲಕ್ಕೆ ಇಳಿಯಿತು. ಅವಳು ಅಟ್ಟಣೆಯ ಮೇಲೆ ನಿಂತು ತಗಡಿನ ಡಬ್ಬ ಬಡಿದಳು. ತಗಡಿನ ಸದ್ದು ಆ ಆನೆಗೆ ರೂಢಿಯಾಗಿತ್ತು. ಅದು ತಿನ್ನುತ್ತ ತಿನ್ನುತ್ತ ಬಂದು ಅಟ್ಟಣೆಯ ಕಂಬಕ್ಕೆ ತಲೆ ಕೊಟ್ಟಿತು. ಅಟ್ಟಣೆ ಮುರಿದು ಬಿತ್ತು. ಅವಳು ಅದರಡಿಯಲ್ಲಿ ಸಿಕ್ಕಿಕೊಂಡಳು.

ಅದೇ ದಾರಿಯಲ್ಲಿ ಗಾಡಿಯವನು ಬರುತ್ತಿದ್ದ. ಕೂಗು ಕೇಳಿ ಗಾಡಿ ನಿಲ್ಲಿಸಿದ. ಗಾಡಿಯಲ್ಲಿದ್ದ ತನ್ನ ಕೋವಿಯನ್ನೂ ಮಾರಲು ಇಟ್ಟಿದ್ದ ತೋಟೆಗಳನ್ನೂ ತೆಗೆದುಕೊಂಡು ಹೊಲಕ್ಕೆ ಓಡಿದ. ಒಂದು, ಎರಡು, ಮೂರು ಗುಂಡು ಹಾರಿಸಿದ. ಆನೆ ತಿರುಗಿ ನಿಂತಿತು. ಮತ್ತೆ ಹಾರಿಸಿದ. ಒಟ್ಟು ಒಂಬತ್ತು ತೋಟೆ ಮುಗಿದ ಮೇಲೆ ಅದು ಕಾಡಿನ ಕಡೆ ನಡೆಯಿತು. ಅವನು ಬಿದ್ದ ಕಂಬಗಳನ್ನು ಸರಿಸಿ ಅವಳನ್ನು ಎತ್ತಿ ತಂದ. ಗಾಡಿಯಲ್ಲಿದ್ದ ಬೇರೆಯವರ ಮೂಟೆಗಳನ್ನು ದಾರಿಯಲ್ಲೇ ಇಳಿಸಿ, ಹುಲ್ಲು ಹಾಸಿ ಮಲಗಿಸಿದ. ಪೇಟೆಯ ಆಸ್ಪತ್ರೆಯ ಕಡೆಗೆ ಎತ್ತುಗಳನ್ನು ಓಡಿಸಿದ.

ಗಾಡಿ ಅಂಗಡಿಯ ಮುಂದೆ ಬಂದಾಗ, ಗುಂಡಿನ ಸದ್ದು ಕೇಳಿದ್ದ ವ್ಯಾಪಾರಿ ಹೊರಗೆ ಓಡಿಬಂದ. ಗಾಡಿಯ ಪಕ್ಕದಲ್ಲೇ ಓಡುತ್ತ, “ಎಷ್ಟು ತೋಟೆ ಹಾರಿಸಿದೆ? ಅದರ ದುಡ್ಡು ನಾನು ಕೊಡುತ್ತೇನೆ” ಎಂದ.

ಗಾಡಿಯವನು ಅವನ ಕಡೆ ತಿರುಗಿಯೂ ನೋಡಲಿಲ್ಲ.

ಎರಡು ದಿನ ಕಳೆದು ಗಾಡಿಯವನು ಊರಿಗೆ ಮರಳಿದ. ಯಾರೂ ಏನೂ ಕೇಳದಂತೆ ಮುಖ ಬಿಗಿದುಕೊಂಡಿದ್ದ. ತನ್ನಲ್ಲಿ ಉಳಿದಿದ್ದ ತೋಟೆಗಳನ್ನು ಅದೇ ಮೂರು ರೂಪಾಯಿಗೆ ಮಾರಿದ. ಒಂದು ಕಾಸೂ ಬಿಡಲಿಲ್ಲ.

ಇದರಿಂದ ವ್ಯಾಪಾರಿಗೆ ಇನ್ನೂ ದಿಕ್ಕು ತಪ್ಪಿತು. ಅಂಗಡಿಗೆ ಬೀಗ ಹಾಕಿ ಮಠಕ್ಕೆ ಬಂದ. ಈಗ ನೀನು ಕುಳಿತಿರುವ ಕಡೆಯೇ ಕುಳಿತ. “ಎಂಟಾಣೆಗೆ ಮಾರಿದರೆ ಬೇಕಾದವನಿಗೆ ಸಿಗಲಿಲ್ಲ. ಮೂರು ರೂಪಾಯಿಗೆ ಮಾರಿದರೆ ಡಬ್ಬಿಯಲ್ಲೇ ಇತ್ತು, ಆಗಲೂ ಬೇಕಾದವಳಿಗೆ ಸಿಗಲಿಲ್ಲ. ಮನೆಗೆರಡು ಎಂದು ಹಂಚಿದ್ದರೆ ಕೋವಿ ಇಲ್ಲದವನೂ ಬಂದು ತೆಗೆದುಕೊಂಡು ಮಾರುತ್ತಿದ್ದ. ಕಷ್ಟ ನೋಡಿ ಕೊಟ್ಟಿದ್ದರೆ ಜೋರಾಗಿ ಅತ್ತವನಿಗೆ ಹೋಗುತ್ತಿತ್ತು. ಯಾವ ಬೆಲೆ ಧರ್ಮದ ಬೆಲೆ, ಹೇಳಿ ಬುದ್ಧಿ” ಎಂದ. ಮೂರು ದಿನ ಇಲ್ಲೇ ಇದ್ದ. ಮೂರು ದಿನವೂ ಅದನ್ನೇ ಕೇಳಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಸಿದ್ಧಮಲ್ಲಯ್ಯ ಮುಂದಕ್ಕೆ ಸರಿದು ಕುಳಿತ. ಅವನ ಹಣೆ ಗಂಟಿಕ್ಕಿತ್ತು. ಬೆರಳು ಮಡಿಸಿ ಲೆಕ್ಕ ಹಾಕತೊಡಗಿದ. “ಒಂದೂವರೆಗೆ ಮಾರಿದ್ದರೆ? ಆದರೂ ಗಾಡಿಯವನು ಕೊಳ್ಳುತ್ತಿದ್ದ. ಎರಡಕ್ಕೆ ಮಾರಿ, ಒಬ್ಬರಿಗೆ ಹತ್ತಕ್ಕಿಂತ ಹೆಚ್ಚು ಕೊಡದೆ ಇದ್ದಿದ್ದರೆ? ಆಗ ರೈತನಿಗೆ ಹತ್ತು ಸಾಲುತ್ತಿರಲಿಲ್ಲ. ನನಗೂ ತಿಳಿಯುತ್ತಿಲ್ಲ ಬುದ್ಧಿ. ತಾವು ಅವನಿಗೆ ಯಾವ ಬೆಲೆ ಹೇಳಿದಿರಿ?”

ಗುರುಗಳು ಅವನನ್ನೇ ನೋಡಿದರು.

“ಆ ಹೆಂಗಸು ಬದುಕಿದಳೇ ಎಂದು ನೀನೂ ಕೇಳಲಿಲ್ಲ.”