ಮಂಚಮ್ಮನ ಸೋರು ಗುಡಾಣ

ಒಂದಾನೊಂದು ಕಾಲ. ಎಷ್ಟು ಹಿಂದೆ ಅಂತ ಕೇಳಬೇಡ, ನಂಗೂ ಗೊತ್ತಿಲ್ಲ, ನಮ್ಮಜ್ಜಿಗೂ ಗೊತ್ತಿರಲಿಲ್ಲ. ಕಾಲು ಒಳಗೆ ಎಳ್ಕೋ, ಕಂಬಳಿ ಹೊದ್ಕೋ, ಹೂಂ ಅಂತಾ ಇರು ಮಗಾ. ನಿನ್ನ ಹೂಂ ನಿಂತ್ರೆ ನನ್ನ ಕತೇನೂ ನಿಲ್ಲುತ್ತೆ.

ಆ ಕಾಲದಲ್ಲಿ ಗುಡ್ಡದ ಬುಡದ ಒಂದೂರಲ್ಲಿ ಮಂಚಮ್ಮ ಅಂತ ಒಬ್ಬ ಹೆಂಗಸಿದ್ದಳಂತೆ. ಗಂಡ ತೀರಿಹೋಗಿದ್ದ. ಮೂರು ಜನ ಗಂಡುಮಕ್ಕಳು, ಜವರ, ಕುಳ್ಳ, ಮಾಯಿಗ. ಕಿರಿಯ ಮಾಯಿಗನಿಗೆ ದ್ಯಾವಿ ಅಂತ ಹೆಂಡತಿ. ದೊಡ್ಡೋರಿಬ್ಬರಿಗೆ ಯಾರೂ ಹೆಣ್ಣು ಕೊಟ್ಟಿರಲಿಲ್ಲ, ಯಾಕೆ ಅಂತ ಮುಂದೆ ನಿಂಗೇ ಗೊತ್ತಾಗುತ್ತೆ.

ಆ ಮನೇಲಿ ಒಂದು ಮಣ್ಣಿನ ಗುಡಾಣ, ನೀನು ಒಳಗೆ ಕೂತ್ರೆ ನಿನ್ನ ಜುಟ್ಟೂ ಕಾಣಬಾರದು, ಅಷ್ಟು ದೊಡ್ಡದು. ಮಂಚಮ್ಮನಿಗೆ ಅದು ಅತ್ತೆಯಿಂದ ಬಂದದ್ದು, ಅತ್ತೆಗೆ ಅವಳತ್ತೆಯಿಂದ. ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ದಪ್ಪ ರೊಟ್ಟಿ ಸುಟ್ಟು, ಅದನ್ನ ಮುರಿದು ಗುಡಾಣದ ನೀರಿಗೆ ಹಾಕಿ, ಬಾಯಿಗೆ ಬಟ್ಟೆ ಬಿಗಿದು, ಮೈಗೆ ಕಂಬಳಿ ಸುತ್ತಿ ಇಟ್ಟರೆ, ಆಮೇಲೆ ಅದು ಒಳಗೇ ಗುಳುಗುಳು ಅಂತ ಮಾತಾಡಿಕೊಂಡು ನೊರೆ ಏರಿ ಹೆಂಡ ಆಗ್ತಿತ್ತಂತೆ. ಮೂಗು ಮುರೀಬೇಡ, ಅದು ಆಗಿನ ದೊಡ್ಡೋರ ಪಾನ, ನಿಂಗಲ್ಲ. ಅತ್ತೆ ಒಂದೇ ಒಂದು ಕಟ್ಟಪ್ಪಣೆ ಮಾಡಿದ್ದಳು, ಹೊರಗಡೆ ಎಷ್ಟಾದ್ರೂ ತೊಳಿ, ಒಳಗಡೆ ಮಾತ್ರ ತೊಳೀಬೇಡ ಅಂತ. ಯಾಕತ್ತೆ ಅಂದ್ರೆ, ಯಾಕೆ ಅಂತ ನಮ್ಮತ್ತೇನ ಕೇಳು ಅಂದಳಂತೆ. ಆ ಅತ್ತೆ ಸತ್ತು ಯಾವ ಕಾಲವಾಗಿತ್ತೋ! ಮಂಚಮ್ಮ ಕೇಳೋದು ಬಿಟ್ಟಳು, ತೊಳೆಯೋದೂ ಬಿಟ್ಟಳು.

ಆ ಊರಲ್ಲಿ ಕೂಲಿ ಅನ್ನೋದು ಇರಲಿಲ್ಲ, ಮುಯ್ಯಾಳು ಇತ್ತು. ಈ ಸಲ ನಿನ್ನ ಕಣಕ್ಕೆ ನಾನು ಬಂದು ದುಡೀತೀನಿ, ನನ್ನ ಕಣಕ್ಕೆ ನೀನು ಬಾ, ಇಷ್ಟೇ ಮಾತು. ಬಂದವರಿಗೆ ಹೊಟ್ಟೆ ತುಂಬ ಮುದ್ದೆ, ಬಾಯಿ ತುಂಬ ಹೆಂಡ ಕೊಡಬೇಕು. ಹೆಂಡ ಹುಟ್ಟದ ಮನೆ ಕಣಕ್ಕೆ ಯಾರೂ ಕಾಲಿಡ್ತಿರಲಿಲ್ಲ, ಆ ಮನೆ ಅನ್ನಕ್ಕೆ ಆ ವರ್ಷ ಏನೋ ಮುನಿಸು ಅಂತ ಅವರ ನಂಬಿಕೆ. ಮಂಚಮ್ಮನ ಕಣಕ್ಕೆ ಮಾತ್ರ ಕರೆಯೋಕೆ ಮುಂಚೆ ಜನ ಬಂದು ನಿಲ್ತಿದ್ದರಂತೆ.

ಆಮೇಲೆ ಏನಾಯ್ತಪ್ಪ ಅಂದ್ರೆ, ಒಂದು ವರ್ಷ ರಾಗಿ ಕುಯ್ದು ಮೆದೆ ಒಟ್ಟಿದ್ದಾರೆ, ಗುಡಾಣದ ಹೊಟ್ಟೆ ಮೇಲೆ ಒಂದು ಬಿರುಕು ಬಂತು. ತೊಟತೊಟ ಸೋರೋಕೆ ಹತ್ತಿತು. ಆಕಾಶ ನೋಡಿದ್ರೆ ಮೋಡ. ಮೆದೆ ನೆನೆದರೆ ರಾಗಿ ಮುಗ್ಗಲು, ವರ್ಷವೆಲ್ಲ ಉಪವಾಸ. 

ಹಿರಿಯ ಜವರ ಮಹಾ ಜಿಪುಣ. ಹೊಸದು ಯಾಕವ್ವ, ಇದನ್ನೇ ಕೂಡಿಸಿದ್ರಾಯ್ತು ಅಂದ. ಸುಣ್ಣಕ್ಕೆ ಬೆಲ್ಲ ಹಾಕಿ ಅರೆದು ಬಿರುಕಿಗೆ ಮೆತ್ತಿ, ನೋಡು ಕಲ್ಲಾಗೋಯ್ತು ಅಂತ ಕುಣಿದಾಡಿದ. ಹೆಂಡ ಹಾಕಿ ನೋಡ್ತಾರೆ, ಹುಳಿಯಿಲ್ಲ ಒಗರಿಲ್ಲ, ಗೋಡೆ ನೆಕ್ಕಿದಂಗೆ ರುಚಿ! ಮೂರನೇ ದಿನ ಮೆತ್ತಿದ್ದೂ ಕಿತ್ಕೊಂಡು ಬಂತು. ಬಿರುಕು ಇನ್ನಷ್ಟು ಅಗಲವಾಯ್ತು.

ನಡುವಿನವನು ಕುಳ್ಳ, ಅವನಿಗೆ ಡೌಲು ಜಾಸ್ತಿ. ಮಣ್ಣು ಹಿಡ್ಕೊಂಡು ಎಷ್ಟು ದಿನ ಅಂತ ಒದ್ದಾಡ್ತೀಯವ್ವ, ಊರ ಕಣ್ಣು ಕುಕ್ಕೋಹಂಗೆ ಹೊಸದು ತರ್ತೀನಿ ಅಂತ ಮನೇಲಿದ್ದ ಟಗರು ಹೊಡ್ಕೊಂಡು ಸಂತೆಗೆ ಹೋದ, ಟಗರು ಕೊಟ್ಟು ತಾಮ್ರದ ಹಂಡೆ ತಂದ. ಫಳಫಳ ಅಂತಿತ್ತು, ಮುಖ ನೋಡ್ಕೋಬಹುದಿತ್ತು. ಕುಳ್ಳ ನೋಡ್ಕೊಂಡ, ಎರಡೆರಡು ಸಲ. ಆಮೇಲೆ ಹೆಂಡ ಹಾಕಿದ್ರೆ ಹುಳಿ ತಗಲಿ ಕಿಲುಬು ಎದ್ದು, ಕೊಳದ ಪಾಚಿ ಬಣ್ಣ ಬಂತಂತೆ. ಬಾಯಿಗಿಟ್ಟ ಕುಳ್ಳ ಎರಡು ದಿನ ಬೇಲಿ ಸಂದಿ ಬಿಟ್ಟು ಈಚೆ ಬರಲಿಲ್ಲ. ಈಗ ತಿಳೀತಾ, ಯಾಕೆ ಹೆಣ್ಣು ಕೊಟ್ಟಿರಲಿಲ್ಲ ಅಂತ?

ನಗಬೇಡ, ನಿದ್ದೆ ಹಾರಿಹೋಗುತ್ತೆ.

ಕಿರಿಯವನು ಮಾಯಿಗ, ಸಾಧು. ಹಳೇದಕ್ಕೆ ವಯಸ್ಸಾಯ್ತವ್ವ, ಅದೇ ಅಳತೇದು ಇನ್ನೊಂದು ತರೋಣ ಅಂತ ಕುಂಬಾರರ ಕೇರಿಗೆ ಹೋಗಿ, ಹೊತ್ಕೊಂಡು ಬಂದ. ಒಳ್ಳೇ ಗುಡಾಣ, ತಟ್ಟಿದ್ರೆ ಠಣ್ ಅಂತಿತ್ತು. ಮಂಚಮ್ಮನೇ ಕೈಯಾರೆ ರೊಟ್ಟಿ ಸುಟ್ಟು ಹಾಕಿದಳು. ಒಂದು ದಿನ ಆಯ್ತು, ಎರಡು ದಿನ ಆಯ್ತು, ಕಿವಿಗೊಟ್ಟರೆ ಒಳಗೆ ಉಸಿರೇ ಇಲ್ಲ. ಬಟ್ಟೆ ಬಿಚ್ಚಿದರೆ ಮುಸುರೆ ನೀರಿನ ಹಂಗೆ ಸುಮ್ಮನೆ ಕೂತಿತ್ತಂತೆ.

ಈಗ ಒಂದು ಮಾತು ಹೇಳ್ತೀನಿ ಕೇಳು. ಮಕ್ಕಳು ಒಬ್ಬೊಬ್ಬರಾಗಿ ಸೋತಾಗಲೆಲ್ಲ ಮಂಚಮ್ಮ ಬಾಯಲ್ಲಿ ಅಯ್ಯೋ ಅಂದರೂ ಒಳಗೊಳಗೆ ಅವಳಿಗೆ ಖುಷಿಯೇ ಆಗ್ತಿತ್ತಂತೆ. ನನ್ನ ಗುಡಾಣಕ್ಕೆ ಸಮ ಯಾವುದಿದೆ, ಹುಡುಕ್ರೋ ಹುಡುಕಿ ಅಂತ. ಆದರೆ ಮೂರನೇದೂ ಕೆಟ್ಟ ದಿನ ಎದುರುಮನೆಯವನು ಬಂದು ಜಗಲಿ ಮೇಲೂ ಕೂರದೆ, ಏನು ಮಂಚಕ್ಕ, ಈ ಸಲ ಹೆಂಡ ಹುಟ್ಟಲಿಲ್ಲವಂತೆ, ನಾವು ಬೇರೆ ಕಣಕ್ಕೆ ಮಾತು ಕೊಡೋಣವಾ ಅಂದ. ಆಗ ಅವಳ ಖುಷಿ ಇಳಿದುಹೋಯ್ತು. ನಾಲ್ಕು ದಿನ ತಡಿಯಪ್ಪ ಅಂದಳು. ಯಾವ ಧೈರ್ಯದ ಮೇಲೆ ಅಂದಳೋ ಅವಳಿಗೇ ಗೊತ್ತಿಲ್ಲ.

ಆ ಹೊತ್ತಿಗೆ ಹಳೇ ಗುಡಾಣ ಹಿತ್ತಲು ಸೇರಿತ್ತು. ಬಿರುಕಿನಿಂದ ಕೆಳಗೆ ಇನ್ನೂ ನೀರು ನಿಲ್ಲುತ್ತಲ್ಲ ಅಂತ ದ್ಯಾವಿ ಅದಕ್ಕೆ ರಾಗಿ ಗಂಜಿ, ಮುದ್ದೆ ಚೂರು, ಎಲ್ಲ ಸುರಿದು ಎಮ್ಮೆಗೆ ಕಲಗಚ್ಚು ಮಾಡಿಟ್ಟಿದ್ದಳು. ಮಾರನೇ ದಿನ ಮರೆತಳು, ಅದರ ಮಾರನೇ ದಿನ ಎಮ್ಮೇನ ಬಿಟ್ಟಳು. ಎಮ್ಮೆ ಮೂತಿ ಇಟ್ಟಿದ್ದು ತೆಗೀಲಿಲ್ಲ, ತಳ ನೆಕ್ಕಿ ಒಣಗಿಸಿ ಆಮೇಲೆ ತಲೆ ಎತ್ತಿತು. ನಾಲ್ಕು ಹೆಜ್ಜೆ ಆ ಕಡೆ, ನಾಲ್ಕು ಹೆಜ್ಜೆ ಈ ಕಡೆ, ಮಾಯಿಗನ ಹೆಗಲ ಮೇಲೆ ಗದ್ದ ಊರಿ ನಿಂತ್ಕೊಳ್ತು, ಆಮೇಲೆ ನಾಲ್ಕೂ ಕಾಲು ಚಾಚಿ ದಾರೀಲೇ ಮಲಗಿ ಗೊರಕೆ ಹೊಡೀತಂತೆ!

ಅತ್ತೇ, ಎಮ್ಮೆಗೆ ಏನೋ ಆಗೋಯ್ತು ಅಂತ ದ್ಯಾವಿ ಬಾಯಿ ಬಡ್ಕೊಂಡಳು. ಮಂಚಮ್ಮ ಓಡಿ ಬಂದು ಎಮ್ಮೆ ಮೂತಿ ಮೂಸಿದಳು. ಆಮೇಲೆ ಗುಡಾಣದೊಳಗೆ ತಲೆ ಹಾಕಿ ಮೂಸಿದಳು. ಅದೇ ವಾಸನೆ, ಅವಳತ್ತೆ ಕಾಲದ ವಾಸನೆ. ಬರೀ ಗಂಜಿ ಕಣೇ ಇದು, ಇದಕ್ಕೆ ಜೀವ ಕೊಟ್ಟದ್ದು ಈ ಮಣ್ಣು ಅಂದಳಂತೆ. ಒಳಗೆ ತೊಳೀಬೇಡ ಅಂದದ್ದು ಯಾಕೆ ಅಂತ ಅವಳಿಗೆ ಅಷ್ಟು ವರ್ಷದ ಮೇಲೆ ತಿಳೀತು.

ಅವ್ವ, ಹಂಗಾದ್ರೆ ಇದನ್ನೇ ಮತ್ತೆ ಕೂಡಿಸ್ತೀನಿ ಅಂತ ಜವರ ಸುಣ್ಣ ತರೋಕೆ ಹೊರಟ. ನಿಲ್ಲೋ ಲೇ ಅಂದಳು. ಕುಳ್ಳ ಇದನ್ನ ಹಂಡೆ ಒಳಗೆ ಇಳಿಸಿದ್ರೆ ಅಂದ. ಬಾಯ್ಮುಚ್ಚು ಅಂದಳು. ಮಾಯಿಗನಿಗೆ ಎಮ್ಮೆ ಎಬ್ಬಿಸೋ ಕೆಲಸ ಇತ್ತು. ಮಂಚಮ್ಮ ಗುಡಾಣದ ಅಂಚು ಸವರುತ್ತ ಬಹಳ ಹೊತ್ತು ಕೂತಿದ್ದಳಂತೆ. ಇಟ್ಕೊಂಡ್ರೆ ಗುಡಾಣ ಉಳಿಯುತ್ತೆ, ಆದ್ರೆ ಬಿರುಕಿನ ಕೆಳಗೆ ಹುಟ್ಟೋ ಹೆಂಡ ಎಮ್ಮೆಗೆ ಸಾಕು, ಊರಿಗೆ ಸಾಲಲ್ಲ. ಮೇಲೆ ಮೋಡ ಇನ್ನಷ್ಟು ಕರಿಯಾಗಿತ್ತು.

ಎದ್ದಳು. ದ್ಯಾವಿ, ಒನಕೆ ತಾ ಅಂದಳು. ದ್ಯಾವಿ ತಂದಳು, ಕೊಡೋಕೆ ಕೈ ಬರಲಿಲ್ಲ, ಬೇಡಿ ಅತ್ತೆ ಅಂದಳು. ಮಂಚಮ್ಮ ಕಿತ್ಕೊಂಡು ಒಂದೇ ಏಟು ಹಾಕಿದಳು. ಗುಡಾಣ ಹೋಳುಹೋಳಾಯ್ತು. ಆಮೇಲೆ ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಅತ್ತೆ ಸತ್ತ ದಿನ ಅತ್ತಿದ್ದಕ್ಕಿಂತ ಹೆಚ್ಚಾಗಿ ಅತ್ತಳಂತೆ. ದುಃಖ ಆದಾಗ ಅಳಬೇಕು ಮಗಾ, ಅದರಲ್ಲೇನಿದೆ.

ಅತ್ತು ಮುಗಿದ ಮೇಲೆ ಮೂಗೊರೆಸಿಕೊಂಡು ಒಂದು ಬೋಕಿ ಆರಿಸಿದಳು. ನೀನು ಕುಂಟೆಬಿಲ್ಲೆ ಆಡ್ತೀಯಲ್ಲ, ಅಂಥ ಮಡಕೆ ಚೂರು. ಅದನ್ನ ತೊಳೀದೆ ಹಂಗೇ ಮಾಯಿಗನ ಹೊಸ ಗುಡಾಣದ ತಳಕ್ಕೆ ಬಿಟ್ಟು, ರಾಗಿ ರೊಟ್ಟಿ ಮುರಿದು ಹಾಕಿ, ಬಟ್ಟೆ ಬಿಗಿದು, ಕಂಬಳಿ ಸುತ್ತಿದಳು. ಮಾರನೇ ದಿನ ಕಿವಿಯಿಟ್ಟರೆ ಏನೂ ಇಲ್ಲ. ಅದರ ಮಾರನೇ ದಿನವೂ ಇಲ್ಲ. ಮೂರನೇ ದಿನ ಬೆಳಗಾಗ್ತಾನೇ ದ್ಯಾವಿ ಕಿವಿಯಿಟ್ಟವಳು ಅತ್ತೇ ಅಂತ ಕೂಗಿದಳು. ಒಳಗೆ ಗುಳುಗುಳು ಗುಳುಗುಳು!

ಆಮೇಲೇನು, ಊರಿಗೂರೇ ಬಂತು. ಮೆದೆ ಕೆಡವಿದರು, ಎತ್ತು ಕಟ್ಟಿ ತೆನೆ ಮೇಲೆ ಕಲ್ಲುಗುಂಡು ಉರುಳಿಸಿದರು, ರಾಗಿ ತೂರಿ ಮನೆ ತುಂಬಿಸಿದರು. ಕಡೇ ಮೊರ ಒಳಗೆ ಹೋದ ಮೇಲೆ ಮಳೆ ಸುರೀತಂತೆ. ಆ ಮನೆ ರಾಗಿ ನೋಡಿ ಜವರ ಕುಳ್ಳ ಇಬ್ಬರಿಗೂ ಹೆಣ್ಣು ಕೊಟ್ಟರು. ಹಂಡೇಲಿ ಸ್ನಾನಕ್ಕೆ ನೀರು ಕಾಯಿಸಿದರು. ಎಮ್ಮೆ ಮಾತ್ರ ಆ ಹಿತ್ತಲಿಗೆ ದಿನಾ ಹೋಗಿ ಮೂಸಿ ಬರ್ತಿತ್ತಂತೆ.

ಉಳಿದ ಬೋಕಿಗಳನ್ನ ದ್ಯಾವಿ ಸೆರಗಲ್ಲಿ ಆಯ್ದು ಅಟ್ಟದ ಮೇಲಿಟ್ಟಳು. ಅಲ್ಲಿಂದ ಮುಂದೆ ಆ ಮನೆ ಹೆಣ್ಣುಮಕ್ಕಳು ಗಂಡನ ಮನೆಗೆ ಹೊರಟಾಗ ಮಡಿಲಕ್ಕಿ ಜೊತೆ ಒಂದೊಂದು ಬೋಕಿ ಕಟ್ಟಿ ಕಳಿಸೋದಾಯ್ತು. ನಮ್ಮಜ್ಜಿಗೆ ಕೊಟ್ಟರು, ನಮ್ಮವ್ವಂಗೆ ಕೊಟ್ಟರು. ಈಗ ಯಾರೂ ಹೆಂಡ ಹಾಕಲ್ಲ ಬಿಡು. ಆದರೆ ನಮ್ಮ ಅಂಬಲಿ ಗಡಿಗೇಲಿ ಸೌಟು ಆಡಿಸಿದಾಗ ತಳದಲ್ಲಿ ಟಕ್ ಅನ್ನುತ್ತಲ್ಲ, ಏನಜ್ಜೀ ಅದು ಅಂತ ದಿನಾ ಪ್ರಾಣ ತಿಂತೀಯಲ್ಲ, ಅದೇ ಕಣೇ ಅದು. ನಿನ್ನ ಮಡಿಲಿಗೆ ಅಂತ ಇಟ್ಟಿದ್ದೀನಿ. ಕುಂಟೆಬಿಲ್ಲೆಗೆ ಅಂತ ಮುಟ್ಟಿದೆಯೋ, ಒನಕೆ ನನ್ನ ಹತ್ರಾನೂ ಇದೆ!

ಮಗಾ? ಹೂಂ ಅನ್ನು.

ಮಲಗಿಬಿಟ್ಟಳು. ಸರಿ, ಗುಡಾಣ ಬರಿದಾಯ್ತು, ಕತೆಯೂ ಮುಗೀತು.